ತೋಟದಾಚೆಗೆ ವೈಫೈ: ಬ್ರಿಡ್ಜ್ ಮಾಡೋದಾ, ರೂಟ್ ಮಾಡೋದಾ?

ರಸ್ತೆ ಬದಿಯ ಮನೆಗೆ ಫೈಬರ್ ಬಂದಿದೆ. ಅಡಿಕೆ ತೋಟ ದಾಟಿ ಆಚೆ ದಿಬ್ಬದ ಮೇಲಿರುವ ಹಳೇ ಮನೆಗೆ ಬಂದಿಲ್ಲ, ಸದ್ಯಕ್ಕೆ ಬರುವ ಲಕ್ಷಣವೂ ಇಲ್ಲ. ಮಲೆನಾಡಿನಲ್ಲಿ ಇಂಥ ಜೋಡಿ ಮನೆಗಳು ಎಷ್ಟು ಬೇಕಾದರೂ ಸಿಗುತ್ತವೆ. ಹೆಚ್ಚಿನವರು ಹಿಡಿಯುವ ದಾರಿಯೂ ಒಂದೇ. ಎರಡೂ ಕಡೆ ಜಿಐ ಪೈಪ್ ನಿಲ್ಲಿಸಿ, 5 ಗಿಗಾಹರ್ಟ್ಸ್ ರೇಡಿಯೊ ಕಟ್ಟಿ, ಒಂದರ ಮುಖ ಇನ್ನೊಂದಕ್ಕೆ ತಿರುಗಿಸುವುದು. ನಮ್ಮದು ಸುಮಾರು 600 ಮೀಟರ್ ದೂರ. ಲೈಸೆನ್ಸ್ ತಲೆನೋವಿಲ್ಲ, 2018ರ ಅಧಿಸೂಚನೆಯ ನಂತರ 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗ ನಮ್ಮಲ್ಲಿ ಹೊರಾಂಗಣಕ್ಕೂ ಮುಕ್ತ.

ಸಿಗ್ನಲ್ ಸಿಕ್ಕ ಮೇಲೆ ನಿಜವಾದ ಪ್ರಶ್ನೆ ಶುರು. ಈ ಲಿಂಕನ್ನು ಬ್ರಿಡ್ಜ್ ಆಗಿ ಬಿಡಬೇಕೋ, ರೂಟ್ ಮಾಡಬೇಕೋ? ಎರಡನ್ನೂ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಓಡಿಸಿ ನೋಡಿದ್ದೇನೆ.

ಬ್ರಿಡ್ಜ್ ಮಾಡಿದರೆ ರೇಡಿಯೊ ಜೋಡಿ ಒಂದು ಉದ್ದನೆಯ ಕೇಬಲ್ ಥರ. ಎರಡೂ ಮನೆ ಒಂದೇ ಸಬ್‌ನೆಟ್‌ನ, ಅಂದರೆ ಒಂದೇ ಐಪಿ ವಿಳಾಸಗಳ ಗುಂಪಿನ ಒಳಗೆ: 192.168.1.0/24. ಐಪಿ ಹಂಚುವ ಡಿಎಚ್‌ಸಿಪಿಯೂ ಒಂದೇ, ರಸ್ತೆ ಮನೆಯ ರೂಟರ್‌ನಲ್ಲಿ. ರೂಟ್ ಮಾಡಿದರೆ ಹಳೇ ಮನೆಗೆ ತನ್ನದೇ ಸಬ್‌ನೆಟ್, ತನ್ನದೇ ಡಿಎಚ್‌ಸಿಪಿ, ನಡುವೆ ದಾಟಿಸಲು ರೂಟರ್. ನಾನು 192.168.20.0/24 ಕೊಟ್ಟೆ.

ಮೊದಲು ಬ್ರಿಡ್ಜ್. ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಒಂದು ರೇಡಿಯೊ ಆಕ್ಸೆಸ್ ಪಾಯಿಂಟ್ (ವೈಫೈ ಹೊರಡಿಸುವುದು), ಇನ್ನೊಂದು ಸ್ಟೇಷನ್ (ಅದಕ್ಕೆ ಸೇರುವುದು), ಎರಡರಲ್ಲೂ ಡಬ್ಲ್ಯುಡಿಎಸ್ ಆನ್. ಆ ಡಬ್ಲ್ಯುಡಿಎಸ್ ಮಾತ್ರ ಮರೆಯುವಂತಿಲ್ಲ. ಮಾಮೂಲಿ ವೈಫೈ ಫ್ರೇಮ್‌ನಲ್ಲಿ (ಒಂದು ಸಲಕ್ಕೆ ಕಳಿಸುವ ಡೇಟಾ ಕಟ್ಟಿನಲ್ಲಿ) ಮೂರು ವಿಳಾಸಗಳಿಗಷ್ಟೇ ಜಾಗ. ಸ್ಟೇಷನ್‌ನ ಹಿಂದೆ ಇನ್ನೂ ನಾಲ್ಕು ಸಾಧನಗಳಿದ್ದರೆ ಅವುಗಳ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ಅಂಟಿದ ಗುರುತು ಸಂಖ್ಯೆ) ಬರೆಯಲು ಜಾಗವೇ ಇರುವುದಿಲ್ಲ. ಡಬ್ಲ್ಯುಡಿಎಸ್‌ನಲ್ಲಿ ನಾಲ್ಕನೇ ವಿಳಾಸಕ್ಕೂ ಜಾಗ ಸಿಗುತ್ತದೆ. ಅಗ್ಗದ ರಿಪೀಟರ್‌ಗಳಲ್ಲಿ ಅನೇಕವು ಇದನ್ನು ಮಾಡದೆ, ಎಲ್ಲರ ಮ್ಯಾಕ್ ಅಳಿಸಿ ತಮ್ಮದನ್ನು ಹಾಕಿ ಕಳಿಸುತ್ತವೆ. ಅಂಥದ್ದೊಂದನ್ನು ಸುಮ್ನೆ ಕುತೂಹಲಕ್ಕೆ ಹಾಕಿ ರೂಟರ್‌ನ ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಮ್ಯಾಕ್‌ನದ್ದು ಎಂಬ ಪಟ್ಟಿ) ತೆಗೆದೆ. 192.168.1.31, 32, 35 ಮೂರರ ಮುಂದೆಯೂ ಅದೇ ಮ್ಯಾಕ್! ಕ್ಯಾಮೆರಾಗೆ ಮ್ಯಾಕ್ ನೋಡಿ ಐಪಿ ಕಾಯ್ದಿರಿಸುವ ಯೋಚನೆ ಇದ್ದರೆ ಅಲ್ಲಿಗೇ ಮುಗಿಯಿತು.

ಸರಿಯಾಗಿ ಬ್ರಿಡ್ಜ್ ಆದ ಮೇಲೆ ಸುಖವೋ ಸುಖ. ರಸ್ತೆ ಮನೆಯಲ್ಲಿರುವ ರೆಕಾರ್ಡರ್ ಹಳೇ ಮನೆ ಅಂಗಳದ ಕ್ಯಾಮೆರಾಗಳನ್ನು ತಾನೇ ಹುಡುಕಿಕೊಂಡಿತು. ಪ್ರಿಂಟರ್ ಯಾವ ಮನೆಯಲ್ಲಿದ್ದರೂ ಫೋನಿಗೆ ಕಾಣುತ್ತದೆ. ಈ ಹುಡುಕಾಟವೆಲ್ಲ ನಡೆಯುವುದು ಮಲ್ಟಿಕಾಸ್ಟ್ ಮೇಲೆ, ಅಂದರೆ ಒಬ್ಬರು ಕೂಗಿದರೆ ಹಲವರಿಗೆ ಕೇಳುವ ವಿಧಾನ. ಪ್ರಿಂಟರ್, ಕಾಸ್ಟಿಂಗ್ ಎಲ್ಲ 224.0.0.251ಕ್ಕೆ ಕೂಗುತ್ತವೆ. ಕ್ಯಾಮೆರಾ ಹುಡುಕುವ ಓನ್‌ವಿಫ್ 239.255.255.250ಕ್ಕೆ. ಬ್ರಿಡ್ಜ್‌ನಲ್ಲಿ ಈ ಕೂಗು ಆಚೆ ಮನೆಗೂ ಕೇಳುತ್ತದೆ, ರೂಟರ್ ಅದನ್ನು ದಾಟಿಸುವುದಿಲ್ಲ.

ತೊಂದರೆ ಇರುವುದೂ ಇದೇ ಕೂಗಿನಲ್ಲಿ. ಹಳೇ ಮನೆಯ ಲ್ಯಾಪ್‌ಟಾಪ್‌ನಲ್ಲಿ ಟಿಸಿಪಿಡಂಪ್ (ನೆಟ್‌ವರ್ಕ್‌ನಲ್ಲಿ ಓಡಾಡುವುದನ್ನು ತೋರಿಸುವ ತಂತ್ರಾಂಶ) ಓಡಿಸಿ ಸುಮ್ಮನೆ ನೋಡುತ್ತಾ ಕೂತೆ. ಆ ಹೊತ್ತಿಗೆ ಆ ಮನೆಯಲ್ಲಿ ಯಾರೂ ಇಂಟರ್ನೆಟ್ ಬಳಸುತ್ತಿರಲಿಲ್ಲ. ಆದರೂ ಪರದೆ ನಿಲ್ಲದೆ ಮೇಲಕ್ಕೆ ಓಡುತ್ತಿತ್ತು. ರಸ್ತೆ ಮನೆಯ ಟಿವಿ ತಾನಿದ್ದೇನೆ ಅಂತ ಸಾರುತ್ತಿದೆ. ರೂಟರ್ ಒಂದೊಂದೇ ಐಪಿ ಹಿಡಿದು 'ಇದು ಯಾರದ್ದು' ಅಂತ ಕೇಳುತ್ತಿದೆ. ಯಾರದೋ ಫೋನ್ ಇಲ್ಲದ ಪ್ರಿಂಟರ್ ಹುಡುಕುತ್ತಿದೆ. ಬೈಟ್ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಗಾಳಿಯ ಸಮಯದ, ಅಂದರೆ ಚಾನೆಲ್ ಎಷ್ಟು ಹೊತ್ತು ಹಿಡಿದಿಟ್ಟಿತು ಎಂಬುದರ ಲೆಕ್ಕ ಬೇರೆ. ಮನೆಯೊಳಗಿನ ಆಕ್ಸೆಸ್ ಪಾಯಿಂಟ್ ಬ್ರಾಡ್‌ಕಾಸ್ಟನ್ನು ಸಾಮಾನ್ಯವಾಗಿ ಅತಿ ಕಡಿಮೆ ವೇಗದಲ್ಲೇ ಕಳಿಸುತ್ತದೆ, ಎಲ್ಲರಿಗೂ ಕೇಳಬೇಕಲ್ಲ. ಹಳೇ ಸಾಧನಗಳಿಗಾಗಿ ಬಿಟ್ಟ ಸೆಟ್ಟಿಂಗ್ ಹಾಗೇ ಇದ್ದರೆ 2.4 ಗಿಗಾಹರ್ಟ್ಸ್‌ನಲ್ಲಿ ಅದು 1 ಎಂಬಿಪಿಎಸ್. ಈ ಮನೆಯ ಕೂಗು ಆ ಮನೆಯ ಗಾಳಿಯಲ್ಲೂ ಆಮೆ ವೇಗದಲ್ಲಿ ಹೊರಡುತ್ತದೆ, ಮಲಗಿದ ಫೋನ್‌ಗಳನ್ನು ಎಬ್ಬಿಸುತ್ತದೆ. ಹತ್ತು ಸಾಧನಗಳಿದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ಹಬ್ಬಕ್ಕೆ ನೆಂಟರೆಲ್ಲ ಬಂದಾಗ ಗೊತ್ತಾಗುತ್ತದೆ.

ಇದಕ್ಕಿಂತ ಜಾಸ್ತಿ ಕಾಡಿದ್ದು ಕರೆಂಟು. ಮಳೆಗಾಲದಲ್ಲಿ ರಸ್ತೆ ಮನೆಗೆ ಕರೆಂಟ್ ಹೋಗಿ ಇನ್ವರ್ಟರ್ ಕೂಡ ಕೈಬಿಟ್ಟರೆ ಇಂಟರ್ನೆಟ್ ಇಲ್ಲ, ಅದು ಸರಿ. ಆದರೆ ಬ್ರಿಡ್ಜ್‌ನಲ್ಲಿ ಡಿಎಚ್‌ಸಿಪಿಯೂ ಹೋಯಿತು. ಹಳೇ ಮನೆಯಲ್ಲಿ ಸೋಲಾರ್ ಇದೆ, ಕ್ಯಾಮೆರಾ ಓಡುತ್ತಿದೆ, ವೈಫೈ ಹೆಸರೂ ಕಾಣುತ್ತಿದೆ. ತೋಟದಿಂದ ಬಂದವರ ಫೋನ್ ಮಾತ್ರ ಐಪಿ ಪಡೆಯುತ್ತಿದ್ದೇನೆ ಅಂತ ತಿರುಗಿ ತಿರುಗಿ ಕೈಬಿಡುತ್ತದೆ. ಪಕ್ಕದ ಗೋಡೆಯಲ್ಲಿರುವ ಕ್ಯಾಮೆರಾ ನೋಡಲು 600 ಮೀಟರ್ ಆಚೆಯ ರೂಟರ್ ಬದುಕಿರಬೇಕು ಅನ್ನುವುದು ವಿಚಿತ್ರ ಅಲ್ವಾ? ಬರೀ ಮಳೆಯಿಂದ ಲಿಂಕ್ ಕುಸಿದರೂ ಇದೇ ಕಥೆ. 600 ಮೀಟರ್ ಲಿಂಕ್‌ನ ಮಧ್ಯದಲ್ಲಿ ರೇಡಿಯೊಗೆ ಸುತ್ತಲೂ ಎರಡೂವರೆ-ಮೂರು ಮೀಟರ್ ತೆರವು ಬೇಕು. ಅಡಿಕೆ ಸೋಗೆ ಅದರೊಳಗೆ ಬಾಗಿ, ಮೇಲಿಂದ ನೆನೆದರೆ ಸಿಗ್ನಲ್ ಬೀಳಲೇಬೇಕು.

ಲೂಪ್ ಪರೀಕ್ಷೆಯನ್ನು ಬೇಕಂತಲೇ ಮಾಡಿದೆ. ಹಳೇ ಮನೆಯ ಸ್ವಿಚ್‌ನ ಎರಡು ಪೋರ್ಟ್‌ಗಳಿಗೆ ಒಂದೇ ಕೇಬಲ್‌ನ ಎರಡು ತುದಿ ಸಿಕ್ಕಿಸಿದೆ. ದೀಪಗಳೆಲ್ಲ ಒಟ್ಟಿಗೆ ಮಿನುಗತೊಡಗಿದವು. ರಸ್ತೆ ಮನೆಯಲ್ಲೂ ಇಂಟರ್ನೆಟ್ ಸತ್ತಿತು. ಈಥರ್ನೆಟ್ ಫ್ರೇಮ್‌ಗೆ ಆಯುಸ್ಸು ಎಂಬುದಿಲ್ಲ, ಸುತ್ತುತ್ತಲೇ ಇರುತ್ತದೆ. ಐಪಿ ಪ್ಯಾಕೆಟ್‌ಗೆ ಟಿಟಿಎಲ್ ಇದೆ, ಪ್ರತಿ ರೂಟರ್ ಒಂದೊಂದು ಕಳೆಯುತ್ತದೆ, ಸೊನ್ನೆಯಾದರೆ ಎಸೆಯುತ್ತದೆ. ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀಯನ್ನು ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1985ರಲ್ಲೇ ಮಾಡಿಕೊಟ್ಟಿದ್ದಾರೆ. ಆದರೆ ಐನೂರು ರೂಪಾಯಿಯ ಸ್ವಿಚ್‌ನಲ್ಲಿ ಅದನ್ನು ಹುಡುಕಬೇಡಿ. ರೂಟ್ ಮಾಡಿದ ಮೇಲೆ ಅದೇ ಕೇಬಲ್ ಅದೇ ಪೋರ್ಟ್‌ಗಳಿಗೆ ಹಾಕಿದೆ. ಹಳೇ ಮನೆ ಕುಸಿಯಿತು, ರಸ್ತೆ ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ಹಾಗಂತ ರೂಟಿಂಗ್ ಬೆಣ್ಣೆಯಂತೆ ಇಳಿಯಲಿಲ್ಲ. 20ರ ಸಬ್‌ನೆಟ್ ಎಲ್ಲಿದೆ ಅಂತ ರಸ್ತೆ ಮನೆಯ ರೂಟರ್‌ಗೆ ಹೇಳಬೇಕು. ಅದಕ್ಕೆ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಬೇಕು. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಆ ಪುಟವೇ ಇರಲಿಲ್ಲ. ಆಗ ಉಳಿಯುವ ದಾರಿ ಹಳೇ ಮನೆಯ ರೂಟರ್‌ನಲ್ಲಿ ಮತ್ತೊಂದು ನ್ಯಾಟ್, ಅಂದರೆ ಒಳಗಿನ ಸಾಧನಗಳನ್ನೆಲ್ಲ ರೂಟರ್‌ನ ಒಂದೇ ಐಪಿಯ ಹಿಂದೆ ಮರೆಮಾಡುವುದು. ವಾಟ್ಸಾಪ್ ಕರೆ, ಯೂಟ್ಯೂಬ್, ಬ್ಯಾಂಕ್ ಆ್ಯಪ್ ಎಲ್ಲ ಡಬಲ್ ನ್ಯಾಟ್ ಒಳಗೂ ಚೆನ್ನಾಗಿಯೇ ಓಡುತ್ತವೆ. ಆದರೆ ಬಾಗಿಲು ಒಂದೇ ಕಡೆ ತೆರೆಯುತ್ತದೆ. ಹಳೇ ಮನೆಯಿಂದ ಈಚೆಗೆ ಎಲ್ಲ ಸಿಗುತ್ತದೆ, ಈಚೆಯಿಂದ ಅಂಗಳದ ಕ್ಯಾಮೆರಾ ಸಿಗುವುದಿಲ್ಲ. ಒಂದೊಂದು ಕ್ಯಾಮೆರಾಗೂ ಪೋರ್ಟ್ ಫಾರ್ವರ್ಡ್ (ಹೊರಗಿಂದ ಒಳಗೆ ಬಿಡುವ ನಿಯಮ) ಬರೆಯುತ್ತಾ ಕೂರಬೇಕು. ಇದನ್ನು ರೂಟಿಂಗ್ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಆ ಪೆಟ್ಟಿಗೆಯ ಹಿಂದೆ ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳ ಮುಕ್ತ ತಂತ್ರಾಂಶ) ಓಡುವ ನನ್ನದೇ ರೂಟರ್ ಇಟ್ಟು, ರಸ್ತೆ ಮನೆಯನ್ನೆಲ್ಲ ಅದಕ್ಕೆ ಕಟ್ಟಿದ ಮೇಲೆ ದಾರಿ ಸರಿಯಾಯಿತು. ಹಳೇ ಮನೆಯದ್ದೂ ಅದೇ ತಂತ್ರಾಂಶ. ಅಲ್ಲಿ ಬದಲಿಸಬೇಕಾದ್ದು ಎರಡು: ವ್ಯಾನ್ (ಹೊರಗಿನ ಕಡೆ) ವಲಯದ ಮಾಸ್ಕರೇಡಿಂಗ್, ಅಂದರೆ ನ್ಯಾಟ್, ತೆಗೆಯುವುದು, ವ್ಯಾನ್‌ನಿಂದ ಲ್ಯಾನ್‌ಗೆ (ಒಳಗಿನ ಕಡೆಗೆ) ಫಾರ್ವರ್ಡ್ ಬಿಡುವುದು. ಇಷ್ಟಾದರೂ ಒಂದು ಗಂಟು ಉಳಿಯಿತು. ಕ್ಯಾಮೆರಾಗೆ ಪಿಂಗ್ ಹೋಗುತ್ತದೆ, ಅದರ ವೆಬ್ ಪುಟ ಮಾತ್ರ ತೆರೆಯುವುದಿಲ್ಲ. ಹಳೇ ಮನೆಯ ರೂಟರ್‌ನ ವ್ಯಾನ್ ಐಪಿ 192.168.1.2, ಅಂದರೆ ನನ್ನ ಲ್ಯಾಪ್‌ಟಾಪ್ ಇರುವ ಸಬ್‌ನೆಟ್ಟೇ. ಹೋಗುವ ಪ್ಯಾಕೆಟ್ ಮುಖ್ಯ ರೂಟರ್ ಸುತ್ತಿ ಹೋಗುತ್ತದೆ, ಉತ್ತರ ನೇರ ಲ್ಯಾಪ್‌ಟಾಪ್‌ಗೆ ಬರುತ್ತದೆ. ಅರ್ಧ ಮಾತು ಮಾತ್ರ ಕೇಳಿಸಿಕೊಂಡ ಮುಖ್ಯ ರೂಟರ್‌ನ ಫೈರ್‌ವಾಲ್ ಮುಂದಿನದ್ದನ್ನು ಎಸೆಯುತ್ತದೆ. ರೇಡಿಯೊ ಲಿಂಕ್‌ಗೆ ಬೇರೆ ಪೋರ್ಟ್, ಬೇರೆ ಪುಟ್ಟ ಸಬ್‌ನೆಟ್ ಕೊಟ್ಟೆ. 10.10.10.0/29, ಎರಡು ರೂಟರ್ ಎರಡು ರೇಡಿಯೊಗೆ ಸಾಕು. ಗಂಟು ಬಿಚ್ಚಿತು. ರೆಕಾರ್ಡರ್‌ನಲ್ಲಿ ಕ್ಯಾಮೆರಾಗಳನ್ನು ಐಪಿ ಬರೆದು ಕೈಯಾರೆ ಸೇರಿಸಿದೆ, ಒಂದು ಸಲದ ಕೆಲಸ. ಪ್ರಿಂಟರ್‌ಗಾಗಿ ಆ ಮಲ್ಟಿಕಾಸ್ಟ್ ಕೂಗನ್ನು ಆಚೆಗೆ ದಾಟಿಸುವ ಅವಾಹಿ ತಂತ್ರಾಂಶದ ರಿಫ್ಲೆಕ್ಟರ್ ಹಾಕಬಹುದು. ನಾನು ಹಾಕಿಲ್ಲ, ಪ್ರಿಂಟರ್ ಹತ್ತಿರ ಹೋದರೆ ಸಾಕು.

ವೇಗದ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ನಮ್ಮ ರೇಡಿಯೊಗಳ ಈಥರ್ನೆಟ್ ಪೋರ್ಟೇ 100 ಎಂಬಿಪಿಎಸ್. ಬ್ರಿಡ್ಜ್‌ಗೂ ರೂಟಿಗೂ ವ್ಯತ್ಯಾಸ ಅಳೆಯಲು ಹೋದರೆ ಗಾಳಿಯ ಏರಿಳಿತದಲ್ಲೇ ಅದು ಮುಳುಗಿಹೋಗುತ್ತದೆ.

ಈಗ ನಮ್ಮಲ್ಲಿ ಓಡುತ್ತಿರುವುದು ಎರಡರ ಬೆರಕೆ. ಬ್ರಿಡ್ಜೋ ರೂಟೋ ಅನ್ನುವಾಗ ಜನ ರೇಡಿಯೊ ಪೆಟ್ಟಿಗೆಯ ಸೆಟ್ಟಿಂಗ್ ಪುಟವನ್ನೇ ನೋಡುತ್ತಾರೆ. ನಾನು ರೇಡಿಯೊಗೆ ಬುದ್ಧಿ ಕೊಡಲು ಹೋಗುವುದಿಲ್ಲ, ಎರಡೂ ಬ್ರಿಡ್ಜ್ ಮೋಡ್‌ನಲ್ಲೇ ಇವೆ. ರೂಟಿಂಗ್ ನಡೆಯುವುದು ಒಳಗೆ ಜಗಲಿಯಲ್ಲಿರುವ ರೂಟರ್‌ಗಳಲ್ಲಿ. ಸಿಡಿಲಿಗೆ ರೇಡಿಯೊ ಹೋದರೆ ಹೊಸದಕ್ಕೆ ಹೆಸರು, ಪಾಸ್‌ವರ್ಡ್, ಐಪಿ ಹಾಕಿ ಪೈಪಿಗೇರಿಸಿದರೆ ಆಯಿತು. ಮಳೆಯಲ್ಲಿ ಏಣಿ ಹತ್ತಿ ಫೈರ್‌ವಾಲ್ ನಿಯಮ ಬರೆಯುವ ಕೆಲಸವಿಲ್ಲ.

ಆಚೆ ಕಡೆ ಪಂಪ್‌ಹೌಸ್, ಒಂದೆರಡು ಕ್ಯಾಮೆರಾ ಅಷ್ಟೇ ಅಂದರೆ ಇಷ್ಟೆಲ್ಲ ಬೇಡ, ಬ್ರಿಡ್ಜ್ ಮಾಡಿ ಮರೆತುಬಿಡಿ. ಆಚೆ ಕಡೆ ಜನ ವಾಸ ಇದ್ದಾರೆ ಅಂದರೆ ರೂಟ್ ಮಾಡಿ. ಮೂರನೇ, ನಾಲ್ಕನೇ ಮನೆ ಸೇರುವ ಹಾಗಿದ್ದರೆ ಅದು ಮೆಶ್‌ನ (ಮನೆಗಳೆಲ್ಲ ಒಂದಕ್ಕೊಂದು ಬೆಸೆದ ಜಾಲದ) ಲೋಕ, ಅಲ್ಲೂ ಇದೇ ಜಗ್ಗಾಟ. ಜರ್ಮನಿಯ ಸಮುದಾಯ ವೈಫೈ ಜಾಲ ಫ್ರೈಫುಂಕ್‌ನ ಹಲವರು ರೂಟ್ ಮಾಡುವ ಓಎಲ್‌ಎಸ್‌ಆರ್ ಎಂಬ ಮೆಶ್ ವಿಧಾನದಿಂದ ಶುರು ಮಾಡಿ ಬ್ಯಾಟ್‌ಮನ್ ಎಂಬ ಇನ್ನೊಂದರ ಕಡೆ ಹೊರಳಿದರು. ಅದರ ಈಗಿನ ರೂಪ ಇಡೀ ಮೆಶ್ಶನ್ನು ಒಂದೇ ಸ್ವಿಚ್‌ನಂತೆ ತೋರಿಸುತ್ತದೆ, 2011ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಲಿಬ್ರೆಮೆಶ್ ಎಂಬ ಮೆಶ್ ತಂತ್ರಾಂಶದವರು ಹತ್ತಿರದ ಗುಂಪಿಗೆ ಬ್ಯಾಟ್‌ಮನ್, ಗುಂಪುಗಳ ನಡುವೆ ಬೇಬಲ್ ರೂಟಿಂಗ್ ಇಟ್ಟುಕೊಂಡಿದ್ದಾರೆ. ನನಗೆ ಹಿಡಿಸಿದ್ದು ಲಿಬ್ರೆಮೆಶ್‌ನವರ ಈ ದಾರಿ.

ಐಪಿಯ ಹೊಸ ಆವೃತ್ತಿ ಐಪಿವಿ6 ಒಂದು ಬಾಕಿ ಇದೆ. ಬ್ರಿಡ್ಜ್‌ನಲ್ಲಿ ಅದು ತಾನಾಗಿ ಆಚೆ ಮನೆಗೂ ಹರಿಯುತ್ತಿತ್ತು. ರೂಟ್ ಮಾಡಿದ ಮೇಲೆ ಹಳೇ ಮನೆಗೆ ಬೇರೆ /64 (ಐಪಿವಿ6ನ ಒಂದು ಸಬ್‌ನೆಟ್) ಬೇಕು, ನಮಗೆ ಕಂಪನಿಯಿಂದ ಬರುವುದು ಒಂದೇ /64. ಹಾಗಾಗಿ ಅಲ್ಲಿ ಸದ್ಯ ಐಪಿವಿ4 ಮಾತ್ರ. ಇನ್ನೂ ಯಾರೂ ಕೇಳಿಲ್ಲ.