ಸ್ವತಂತ್ರ ಸದಸ್ಯರ ನೇಮಕ: ಸರ್ಕಾರದ ನಾಮನಿರ್ದೇಶನವೋ, ಆಯ್ಕೆ ಸಮಿತಿಯೋ?

1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲೇ 456 ಹುರಿಯಾಳುಗಳಿದ್ದರು. ಸಾಮಾನ್ಯ ಅಭ್ಯರ್ಥಿಯ ಠೇವಣಿ ಆಗ 500 ರೂಪಾಯಿ; ಅದೇ ವರ್ಷ 10,000ಕ್ಕೆ ಏರಿತು. ಇಂಥ ನಿಯಮಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಸ್ವತಂತ್ರ ಸದಸ್ಯರಾಗಿ ಯಾರು ಕೂರಬೇಕು ಎಂದು ಬೆಳಗಾವಿಯ ನಾಗರಿಕ ವೇದಿಕೆಗಳು ಮನವಿ ಬರೆಯುವುದಾದರೆ, ಮುಂದಿರುವುದು ಎರಡು ದಾರಿ: ಸರ್ಕಾರವೇ ನೇರವಾಗಿ ಹೆಸರಿಸುವ ನಾಮನಿರ್ದೇಶನ, ಇಲ್ಲವೇ ಆ ಸದಸ್ಯರನ್ನು ಆರಿಸಲೆಂದೇ ಒಂದು ಆಯ್ಕೆ ಸಮಿತಿ.

ನಾಮನಿರ್ದೇಶನ ಸಲೀಸು, ಒಂದೇ ಆದೇಶ ಸಾಕು. ಆದರೆ ಕೊಟ್ಟ ಕೈಯೇ ಕಸಿಯಬಲ್ಲದು. ಅವಧಿ ಎಷ್ಟು, ತೆಗೆಯುವುದು ಹೇಗೆ ಎಂಬುದು ಆದೇಶದಲ್ಲೇ ಇರಲಿ.

ಆಯ್ಕೆ ಸಮಿತಿ ಮೇಲು, ಆದರೆ ಅದರಲ್ಲಿ ಯಾರಿಗೆ ಎಷ್ಟು ಕುರ್ಚಿ ಎಂದು ಎಣಿಸಿ ನೋಡಿದ ಮೇಲೆ. ಚುನಾವಣಾ ಆಯುಕ್ತರನ್ನು ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಸೇರಿ ಆರಿಸಲಿ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿತ್ತು, ಸಂಸತ್ತು ಕಾನೂನು ಮಾಡುವವರೆಗೆ. ವರ್ಷ ಮುಗಿಯುವುದರೊಳಗೆ ಕಾನೂನು ಬಂತು. ಮುಖ್ಯ ನ್ಯಾಯಮೂರ್ತಿಯ ಜಾಗಕ್ಕೆ ಒಬ್ಬ ಕೇಂದ್ರ ಸಚಿವರು ಬಂದರು. ಮೂರರಲ್ಲಿ ಎರಡು ಸರ್ಕಾರದ್ದೇ. ವಿರೋಧ ಪಕ್ಷದವರು ಭಿನ್ನಮತ ಬರೆಯಬಹುದು, ತಡೆಯಲಾಗದು. ಆದ್ದರಿಂದ ಮನವಿಯಲ್ಲಿ ಬರೀ ‘ಸಮಿತಿ ಬೇಕು’ ಅಂದರೆ ಸಾಲದು: ಬಹುಮತ ಸರ್ಕಾರದ್ದಾಗಿರಬಾರದು, ಹೆಸರುಗಳ ಪಟ್ಟಿ ಸಭೆಗೆ ಕನಿಷ್ಠ ಏಳು ದಿನ ಮೊದಲೇ ಆಯ್ಕೆ ಸಮಿತಿಯ ಎಲ್ಲರ ಕೈ ಸೇರಬೇಕು ಎಂದೇ ಬರೆಯಿರಿ. ಸಭೆಯ ಬಾಗಿಲಲ್ಲಿ ಕೊಟ್ಟ ಪಟ್ಟಿಯನ್ನು ಯಾರು ಓದುತ್ತಾರೆ?

ದಾರಿ ಯಾವುದಾದರೂ ‘ಸ್ವತಂತ್ರ’ ಪದಕ್ಕೆ ಅರ್ಥ ಬರೆದಿಡಿ. ಗೋವಾದಲ್ಲಿ ಸರ್ಕಾರದ ಕಾನೂನು ಕಾರ್ಯದರ್ಶಿಗೇ ರಾಜ್ಯ ಚುನಾವಣಾ ಆಯುಕ್ತರ ಹೆಚ್ಚುವರಿ ಹೊಣೆ ಕೊಟ್ಟಿದ್ದನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಾಲಿ ಸರ್ಕಾರಿ ನೌಕರರು, ಪಕ್ಷದ ಪದಾಧಿಕಾರಿಗಳು ಬೇಡ. ಅರ್ಜಿ ಕರೆಯುವ ಪ್ರಕಟಣೆ ಬೆಳಗಾವಿಯಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು ಪತ್ರಿಕೆಗಳಲ್ಲೂ ಬರಲಿ.