ಅಂಬಲಿಮೀನಿನ ಗಾಯ ತೋರಿಸಿದ ಮೈಕ್ರೋಸ್ಕೋಪ್

ಕಾರವಾರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅಂಬಲಿಮೀನಿನ, ಅಂದರೆ ಜೆಲ್ಲಿಫಿಶ್‌ನ ಗಾಯ ಮಾಯುವುದನ್ನು ಮಕ್ಕಳು ಕಣ್ಣಾರೆ ನೋಡಲಿ ಎಂದೇ ಅಂಬಾಲಾದಿಂದ ಈ ಎಲ್‌ಇಡಿ ಮೈಕ್ರೋಸ್ಕೋಪ್ ತರಿಸಿದೆ.

ದಡಕ್ಕೆ ಬಂದು ಬೀಳುವ ದೊಡ್ಡವು ಇದಕ್ಕೆ ಆಗುವುದಿಲ್ಲ. ಇಲ್ಲಿನ ಬೈತಖೋಲ ಬಂದರಿನ ಹತ್ತಿರ ಪ್ಲಾಂಕ್ಟನ್ ಬಲೆ, ಅಂದರೆ ನೀರಲ್ಲಿ ತೇಲುವ ಪುಟ್ಟ ಜೀವಿಗಳನ್ನು ಹಿಡಿಯುವ ಸಣ್ಣ ಕಣ್ಣಿನ ಬಲೆ, ಎಳೆದಾಗ ಕಿರುಬೆರಳಿನ ಉಗುರಿಗಿಂತ ಚಿಕ್ಕವು, ಪೂರ್ತಿ ಪಾರದರ್ಶಕವಾದವು ಸಿಗುತ್ತವೆ. ಅವುಗಳ ಕೊಡೆಯಂಥ ಮೈಯ ಹೊರಮೈಗೆ ಹೊದಿಕೆ ಒಂದೇ ಪದರದ ಜೀವಕೋಶ. ರಕ್ತವೇ ಇಲ್ಲ, ಹಾಗಾಗಿ ಹೆಪ್ಪುಗಟ್ಟುವ ಮಾತೂ ಇಲ್ಲ. ಕ್ಲೈಟಿಯಾ (Clytia) ಎಂಬ ಇಂಥದೇ ಪುಟ್ಟ ಜೀವಿಯಲ್ಲಿ ಗಾಯ ಮುಚ್ಚುವ ಎರಡು ದಾರಿಗಳನ್ನು ಶಿಕಾಗೋ ವಿಶ್ವವಿದ್ಯಾಲಯದ ಜೋಸೆಲಿನ್ ಮಲಾಮಿ ಮತ್ತು ಸಂಗಡಿಗರು 2017ರಲ್ಲಿ ವಿವರಿಸಿದ್ದಾರೆ. ಅಂಚಿನ ಕೋಶಗಳು ತೆಳುವಾದ ಪೊರೆ ಚಾಚಿ ತೆವಳುವುದು ಒಂದು. ಗಾಯದ ಸುತ್ತ ಆಕ್ಟಿನ್ ಎಂಬ ಪ್ರೋಟೀನಿನ ಎಳೆ ಕವಳದ ಸಂಚಿಯ ದಾರದ ಹಾಗೆ ಬಿಗಿಯುವುದು ಇನ್ನೊಂದು. ಬೆನ್ನೆಲುಬಿರುವ ಪ್ರಾಣಿಗಳಲ್ಲೂ ಇವೇ ಎರಡು ದಾರಿ.

ಆಕ್ಟಿನ್ ಎಳೆ ಈ ಮೈಕ್ರೋಸ್ಕೋಪಿನಲ್ಲಿ ಕಾಣದು, ಅದಕ್ಕೆ ಫ್ಲೋರೊಸೆಂಟ್ ಬಣ್ಣ ಬೇಕು. ಆದರೆ ಗಾಯದ ಅಂಚು ಸರಿಯುವುದು ಕಾಣುತ್ತದೆ. ಗುಟ್ಟಿರುವುದು ಐರಿಸ್‌ನಲ್ಲಿ, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಭಾಗದಲ್ಲಿ. ಬೆಳಕು ಪೂರ್ತಿ ಬಿಟ್ಟರೆ ಎಲ್ಲ ಬರೀ ಬಿಳಿ. ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಕಂಡೆನ್ಸರ್ ಸ್ವಲ್ಪ ಇಳಿಸಿ, ಐರಿಸ್ ಕಿರಿದು ಮಾಡಿದರೆ ಕೋಶಗಳ ಗೆರೆಗಳು ಮೆಲ್ಲಗೆ ಮೂಡುತ್ತವೆ. ಪಿಪೆಟ್ಟಿನ ತುದಿಯಿಂದ ಹಗುರಾಗಿ ಗೀರಿ, ನಡುವೆ ತಗ್ಗಿರುವ ಕುಳಿ ಸ್ಲೈಡಿನಲ್ಲಿಟ್ಟು, ನೂರು ಪಟ್ಟಿನಲ್ಲಿ ನೋಡುತ್ತಿದ್ದ ಹುಡುಗಿಯೊಬ್ಬಳು, "ಮೇಡಂ, ಮುಚ್ಕೊಳ್ತಾ ಇದೆ, ಬೇಗ ಬನ್ನಿ!" ಎಂದು ಕೂಗಿದಳು. ನಾನು ಕಣ್ಣಿಡುವಷ್ಟರಲ್ಲಿ ತೂತು ಸಾಸಿವೆ ಗಾತ್ರಕ್ಕೆ ಇಳಿದಿತ್ತು, ಆಮೇಲೆ ಕಲೆಯೂ ಉಳಿಯಲಿಲ್ಲ. ಪಠ್ಯದ ಯಾವ ಚಿತ್ರವೂ ಇಷ್ಟನ್ನು ಕಲಿಸದು.

ಎಲ್‌ಇಡಿ ಅಷ್ಟಾಗಿ ಬಿಸಿಯಾಗುವುದಿಲ್ಲ, ಜೀವಿ ಬಿಸಿಗೆ ಬಳಲುವುದಿಲ್ಲ. ಹಳೆ ಬಲ್ಬಿನದಕ್ಕಿಂತ ಇದು ಎಷ್ಟೋ ಮೇಲು. ನಾನೂರು ಪಟ್ಟಿನ ಲೆನ್ಸ್ ಮಾತ್ರ ಈ ಕೆಲಸಕ್ಕಲ್ಲ, ಕುಳಿ ಸ್ಲೈಡಿಗೆ ತಾಗುತ್ತದೆ. ಫೋಕಸ್ ತಿರುಪು ತಾನಾಗಿ ಕೆಳಗೆ ಜಾರುವುದು ನಿಜವಾದ ಕೊರತೆ. ಗಾಯ ಮುಚ್ಚುವ ಹೊತ್ತಿಗೇ ಚಿತ್ರ ಮಸುಕಾದರೆ ಹೊಟ್ಟೆ ಉರಿಯುತ್ತದೆ. ಸ್ಲೈಡ್ ಹಿಡಿಯುವ ಕ್ಲಿಪ್ಪುಗಳಿಗೆ ಉಪ್ಪುನೀರು ತಾಗಿ ತುಕ್ಕು ಹಿಡಿದಿದೆ. ಕೆಲಸ ಮುಗಿದ ತಕ್ಷಣ ಸಿಹಿನೀರಿನ ಬಟ್ಟೆಯಲ್ಲಿ ಒರೆಸಲೇಬೇಕು.

ಕರಾವಳಿಯ ಕಾಲೇಜುಗಳಿಗೆ ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ. ಆರ್ಡರ್ ಮಾಡುವಾಗ ಕುಳಿ ಸ್ಲೈಡುಗಳನ್ನು ಬೇರೆಯಾಗಿ ಕೇಳಿ, ಪೆಟ್ಟಿಗೆಯಲ್ಲಿ ಬರುವುದಿಲ್ಲ.