ಬಾವಿಯಲ್ಲಿ ಪೆಟ್ರೋಲ್ ವಾಸನೆ, ಮಾನಿಟರಿಂಗ್ ವೆಲ್ ಹಾಕಿದವರಿಗೆ ನಾಲ್ಕು ಸ್ಟಾರ್

ನಾವು ಉಡುಪಿ ಕಡೆಯವರು, ಮನೆಯಿಂದ ನಾಲ್ಕು ಹೆಜ್ಜೆಗೆ ಪೆಟ್ರೋಲ್ ಬಂಕ್. ಕಳೆದ ಜೂನಲ್ಲಿ ಮಳೆ ಹಿಡಿದು ಬಾವಿ ನೀರು ಮೇಲೆ ಬಂದದ್ದೇ ತಡ, ಅಮ್ಮ ಕೊಡಪಾನ ಎತ್ತಿದವರು "ಇದೆಂತ ಮಗಾ, ಬೈಕಿನ ಟ್ಯಾಂಕ್ ಮುಚ್ಚಳ ತೆಗ್ದ ಹಾಗೆ ವಾಸನೆ" ಅಂದ್ರು. ನೋಡಿದ್ರೆ ನೀರಿನ ಮೇಲೆ ನವಿಲುಗರಿ ಬಣ್ಣ ಬೇರೆ.

ಮೊದ್ಲು ಹತ್ರದ ಒಂದು ಲ್ಯಾಬಿನವರನ್ನು ಕರೆದೆವು. ಬಂದ ಹುಡುಗ ಬಕೆಟ್ ಇಳಿಸಿ, ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ತುಂಬಿಸಿ, ಸ್ಕೂಟರಿಗೆ ಸಿಕ್ಕಿಸಿ ಬಿಸಿಲಲ್ಲಿ ಹೋದ. ರಿಪೋರ್ಟಲ್ಲಿ ಪಿಎಚ್ ಸರಿ, ಗಡಸುತನ ಸರಿ, ಕ್ಲೋರೈಡ್ ಸರಿ, ಕುಡಿಯಲು ಯೋಗ್ಯ! ಪೆಟ್ರೋಲಿನಲ್ಲಿರುವ ಕೆಮಿಕಲ್ ಬೆಂಝೀನ್, ಟಾಲುಯೀನ್ ಎಲ್ಲ ಆ ಟೆಸ್ಟಲ್ಲಿ ಇರುವುದೇ ಇಲ್ಲ, ಇದ್ರೂ ಪೂರಾ ತುಂಬದ ಬಾಟಲಿಯಲ್ಲಿ ಗಾಳಿಗೆ ಹಾರಿ ಹೋಗಿರ್ತಿತ್ತು. ಅದು ನಮಗೆ ಗೊತ್ತಾದದ್ದು ಆಮೇಲೆ.

ಹಾಗಾಗಿ ಐದು ಮನೆಯವರು ದುಡ್ಡು ಒಟ್ಟು ಹಾಕಿ ಈ ಟೀಮನ್ನು ಕರೆಸಿದ್ದು. ಮಾನಿಟರಿಂಗ್ ವೆಲ್ ಅಂದ್ರೆ ನೆಲದಡಿಯ ನೀರನ್ನು ಪರೀಕ್ಷೆಗೆ ತೆಗೀಲಿಕ್ಕೆ ಕೊರೆದು ಇಳಿಸುವ ಸಪೂರ ಪೈಪಿನ ಬಾವಿ. ಕಡಿಮೆ ರೇಟ್ ಅಂತ ಬರ್ಬೇಡಿ, ಹಳೆ ಕಾರೊಂದು ಬರ್ತಿತ್ತು ಆ ದುಡ್ಡಿಗೆ. ಆದ್ರೆ ಕೆಲ್ಸ ನೋಡಿ ನಂಗೆ ಖುಷಿಯಾಯ್ತು. ನಿಮ್ಮ ಬಾವಿ ನೀರು ಒಂದೇ ತೆಗ್ದ್ರೆ ಪೆಟ್ರೋಲ್ ಇದೆ ಅಂತ ಗೊತ್ತಾಗ್ತದೆ, ಎಲ್ಲಿಂದ ಬರ್ತದೆ ಎಲ್ಲಿಗೆ ಹೋಗ್ತದೆ ಅಂತ ಗೊತ್ತಾಗುದಿಲ್ಲ, ಮೂರು ಕಡೆ ಬೇಕು ಅಂದ್ರು. ಮುರಕಲ್ಲು ಕೊರೆದು ಕೆಳಗೆ ನೀರು ಸುಲಭಕ್ಕೆ ಇಳಿಯದ ಶೇಡಿ ಮಣ್ಣು ಸಿಕ್ಕಿದ ಕೂಡ್ಲೇ ನಿಲ್ಲಿಸಿದ್ರು, ಅದನ್ನು ತೂತು ಮಾಡಿ ಗಲೀಜನ್ನು ಇನ್ನೂ ಕೆಳಗೆ ಇಳಿಸುದು ಬೇಡ ಅಂತ. ಎರಡಿಂಚಿನ ಪಿವಿಸಿ ಪೈಪ್, ಎಲ್ಲ ಗಮ್ ಇಲ್ಲದೆ ತಿರುಗಿಸಿ ಜೋಡಿಸುವ ಥ್ರೆಡ್ ಇರುವಂಥದ್ದು. ನಮ್ಮ ಪ್ಲಂಬರ್ ನಾನೂ ಉಂಟು ಅಂತ ಗಮ್ ಡಬ್ಬಿ ಹಿಡ್ಕೊಂಡು ಬಂದಿದ್ದ, ಆ ಗಮ್ಮಿನ ಕೆಮಿಕಲ್ಲೇ ರಿಪೋರ್ಟಲ್ಲಿ ಬರ್ತದೆ ಮಾರಾಯ್ರೇ ಅಂತ ಅವನನ್ನು ಗೇಟಲ್ಲೇ ನಿಲ್ಲಿಸಿದ್ರು. ರಿಗ್ಗಿನ ರಾಡಿಗೆ ಗ್ರೀಸ್ ಹಚ್ಚಲಿಕ್ಕೂ ಬಿಡ್ಲಿಲ್ಲ.

ಸೀಳು ಇರುವ ಪೈಪ್ ನೀರಿನ ಮಟ್ಟಕ್ಕಿಂತ ಮೇಲಿಂದಲೇ ಶುರು ಆಗ್ಬೇಕಂತೆ, ಪೆಟ್ರೋಲ್ ತೇಲ್ತದಲ್ವಾ, ಪೂರಾ ಮುಳುಗಿದ್ರೆ ಪದರ ಪೈಪಿನೊಳಗೆ ಬರುದೇ ಇಲ್ಲ. ನಮ್ಮಲ್ಲಿ ಆಗಸ್ಟಿನ ನೀರಿಗೂ ಎಪ್ರಿಲಿನ ನೀರಿಗೂ ಅಜಗಜಾಂತರ, ಎರಡಕ್ಕೂ ಸಾಲುವಷ್ಟು ಉದ್ದ ಇಟ್ರು. ಸುತ್ತ ಮರಳು, ಮೇಲೆ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಗುಳಿಗೆ, ನೀರು ಕುಡಿದು ಉಬ್ಬಿ ಮಳೆನೀರು ಇಳಿಯದ ಹಾಗೆ ಬಿರಡೆ ಹಾಕಿದಂತೆ ಕೂತ್ಕೊಳ್ತದೆ.

ಸ್ಯಾಂಪಲ್ ತೆಗ್ದದ್ದು ಒಂದು ವಾರ ಬಿಟ್ಟು. ಪೈಪಲ್ಲಿ ನಿಂತ ಹಳೆ ನೀರು ಮೊದ್ಲು ಹೊರಗೆ. ಎರಡಿಂಚಿನ ಪೈಪಲ್ಲಿ ಮೀಟರಿಗೆ ಸುಮಾರು 2 ಲೀಟರ್, 8 ಮೀಟರ್ ನೀರಿದ್ರೆ 16, ಅದರ ಮೂರು ಪಟ್ಟು 48 ಲೀಟರ್ ಡ್ರಮ್ಮಿಗೆ. ಆಮೇಲೆ 40 ಎಂಎಲ್ಲಿನ ಪುಟ್ಟ ಗಾಜಿನ ಬಾಟಲಿ. ಕಂಠದಲ್ಲಿ ನೀರು ಗುಮ್ಮಟದ ಹಾಗೆ ಉಬ್ಬುವ ತನಕ ತುಂಬಿಸಿ, ಮುಚ್ಚಳ ಬಿಗಿದು, ತಲೆಕೆಳಗೆ ಮಾಡಿ ಬೆರಳಿಂದ ತಟ್ತಾರೆ. ಸಾಸಿವೆಯಷ್ಟು ಗುಳ್ಳೆ ಕಂಡಿತು, ಇದು ಬೇಡ ಅಂತ ಪಕ್ಕಕ್ಕಿಟ್ಟು ಹೊಸ ಬಾಟಲಿ ತೆಗೆದ್ರು. ಸ್ಯಾಂಪಲ್ ಕೆಡದಿರಲಿ ಅಂತ ಬಾಟಲಿಯೊಳಗೆ ಮೊದ್ಲೇ ಆಸಿಡ್ ಹನಿ ಇರ್ತದಂತೆ, ಚೆಲ್ಲಿದ್ರೆ ಅದೂ ಹೋಗ್ತದೆ. ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿನಿಂದಲೇ ತಂದ ಶುದ್ಧ ನೀರಿನ ಬಾಟಲಿಯೊಂದು ಬಂದು ಹಾಗೇ ವಾಪಸ್ ಹೋಗ್ತದೆ. ದಾರಿಯಲ್ಲಿ ಏನಾದ್ರೂ ಬೆರೆತ್ರೆ ಅದರಲ್ಲೂ ಕಾಣ್ಬೇಕಲ್ಲ, ಅದಕ್ಕೆ.

ರಿಸಲ್ಟ್: ಡಬ್ಲ್ಯುಎಚ್‌ಒ ಲೆಕ್ಕದಲ್ಲಿ ಬೆಂಝೀನ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು, ಬಂಕ್ ಬದಿಯ ಪೈಪಲ್ಲಿ ಅದರ ಹಲವು ಪಟ್ಟು, ಮೇಲಿನ ತೋಟದ ಪೈಪಲ್ಲಿ ಏನೂ ಇಲ್ಲ. ಮೂರೂ ಪೈಪಿನ ನೀರಿನ ಮಟ್ಟ ಅಳೆದು ನೀರು ಹರಿಯುವ ದಿಕ್ಕೂ ತೋರಿಸಿದ್ರು. ಅದು ನಾವು ಅಂದುಕೊಂಡ ರಸ್ತೆ ಕಡೆಗಲ್ಲ, ಗದ್ದೆ ಕಡೆಗೆ. ಆ ಬದಿಯ ಮನೆಯವರು ನಮಗೆ ಸಂಬಂಧ ಇಲ್ಲ ಅಂತ ದುಡ್ಡು ಕೊಡ್ಲಿಲ್ಲ, ಈಗ ದಿನಾ ಸಂಜೆ ರಿಪೋರ್ಟ್ ಕೇಳ್ಕೊಂಡು ಬರ್ತಾರೆ.

ಒಂದು ಸ್ಟಾರ್ ಯಾಕೆ ಕಡಿಮೆ? ಗಲೀಜು ನೀರಿನ ಡ್ರಮ್ ಕೊಂಡೋಗ್ಲಿಕ್ಕೆ ಮೂರು ವಾರ, ಹತ್ತು ಫೋನ್. ರಿಪೋರ್ಟ್ ಪೂರಾ ಇಂಗ್ಲಿಷ್, ಅಮ್ಮನಿಗೆ ನಾನೇ ಓದಿ ಹೇಳಿದ್ದು. ಎಪ್ರಿಲಿಗೆ ಇನ್ನೊಂದು ಸಲ ಬರ್ತಾರೆ, ಅಲ್ಲಿವರೆಗೆ ಟ್ಯಾಂಕರ್ ನೀರೇ ಗತಿ. ಮತ್ತೆ ನೀವು ಕರೆಸುದಾದ್ರೆ ಮಳೆಗಾಲಕ್ಕೆ ಮೊದ್ಲೇ ಕರೆಸಿ. ನಮ್ಮ ಓಣಿಯ ಕೆಸರಲ್ಲಿ ರಿಗ್ ಗಾಡಿ ಹೂತು ಜೆಸಿಬಿ ತರಿಸ್ಬೇಕಾಯ್ತು, ಅದರ ಬಾಡಿಗೆಯೂ ನಮ್ಮ ಬಿಲ್ಲಿಗೇ ಬಂತು.